ಬಯಲು ಖಾಲಿ ಜಾಗ ಅಲ್ಲ: ಗಿಡ ನೆಡುವ ಮುಂಚೆ ಇದನ್ನೊಮ್ಮೆ ಓದಿ

ಜೂನ್ ಬಂತೆಂದರೆ ಸಾಕು, ಬಯಲುಸೀಮೆಯ ಊರೂರಲ್ಲೂ ಗೋಮಾಳದಲ್ಲಿ ಗುಂಡಿ ತೋಡುವ ಕೆಲಸ ಶುರುವಾಗುತ್ತದೆ. ಸಸಿ ತುಂಬಿದ ಟ್ರ್ಯಾಕ್ಟರ್ ಬರುತ್ತದೆ, ಶಾಲೆ ಮಕ್ಕಳು ಸಾಲಾಗಿ ನಿಲ್ಲುತ್ತಾರೆ, ನೀರು ಹಾಕುತ್ತಾರೆ, ಫೋಟೋ ಆಗುತ್ತದೆ. ಎಲ್ಲರದ್ದೂ ಒಳ್ಳೆ ಮನಸ್ಸೇ. ಆದರೆ ಹಾಗೆ ಗುಂಡಿ ಬಿದ್ದ ಎಷ್ಟೋ ಜಾಗಗಳು ಹುಲ್ಲುಗಾವಲು. ತೋಳ, ಕೃಷ್ಣಮೃಗ, ನೆಲದ ಮೇಲೆ ಮೊಟ್ಟೆಯಿಡುವ ಹಕ್ಕಿಗಳು ಬದುಕುವ ಜಾಗ. ಅಲ್ಲಿ ಮರ ಒತ್ತಾಗಿ ಬೆಳೆದರೆ ಇವು ಜಾಗ ಖಾಲಿ ಮಾಡುತ್ತವೆ. ಪರಿಸರ ಉಳಿಸೋಣ ಅಂತ ಮಾಡಿದ ಕೆಲಸದಿಂದಲೇ ಹೀಗಾಗುತ್ತದೆ. ಅದು ಹೇಗೆ ಅಂತ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕರ್ನಾಟಕದ ವನ್ಯಜೀವಿ ಅಂದ ತಕ್ಷಣ ತಲೆಗೆ ಬರೋದು ಬಂಡೀಪುರ, ನಾಗರಹೊಳೆ, ಆನೆ, ಹುಲಿ. ಸಹಜವೇ. ಆದರೆ ಹಾವೇರಿ, ಗದಗ, ಕೊಪ್ಪಳ, ಬಳ್ಳಾರಿ, ಚಿತ್ರದುರ್ಗ, ತುಮಕೂರಿನ ಒಣ ಬಯಲಲ್ಲಿ ಬೇರೆಯದೇ ಒಂದು ಪ್ರಾಣಿಲೋಕ ಇದೆ. ತೋಳ, ಕತ್ತೆಕಿರುಬ, ನರಿ, ಚಿಂಕಾರ, ಕೃಷ್ಣಮೃಗ. ಗೌಜಲಹಕ್ಕಿ, ಟಿಟ್ಟಿಭ, ಕಾಲಡಿಯಿಂದ ಪುರ್ರನೆ ಹಾರುವ ನೆಲಗುಬ್ಬಿ. ಚಳಿಗಾಲದಲ್ಲಿ ಮಧ್ಯ ಏಷ್ಯಾ ಕಡೆಯಿಂದ ಹಾರಿ ಬಂದು ನಮ್ಮ ಬಯಲಿನ ಮಿಡತೆ ತಿಂದು ಹೋಗುವ ಹ್ಯಾರಿಯರ್ ಗಿಡುಗಗಳು. ಇವಕ್ಕೆ ದಟ್ಟ ಕಾಡು ಬೇಕಿಲ್ಲ. ದಟ್ಟ ಕಾಡಲ್ಲಿ ಕೃಷ್ಣಮೃಗವಾಗಲೀ ನೆಲಗುಬ್ಬಿಯಾಗಲೀ ಬದುಕುವುದೂ ಇಲ್ಲ.

ಇಲ್ಲಿ ಒಂದು ತಪ್ಪು ನಂಬಿಕೆಯನ್ನು ಮೊದಲೇ ಬದಿಗಿಡಬೇಕು. ಬಯಲು ಅಂದರೆ ಯಾವುದೋ ಕಾಲದಲ್ಲಿ ಕಾಡು ಕಡಿದು ಆದ ಜಾಗ, ಹಾಗಾಗಿ ಮತ್ತೆ ಮರ ನೆಟ್ಟರೆ ಮೊದಲಿನಂತಾಗುತ್ತದೆ ಅಂತ ಬಹಳ ಜನ ತಿಳಿದಿದ್ದಾರೆ. ಕೆಲವು ಕಡೆ ಅದು ನಿಜವೂ ಇರಬಹುದು. ಆದರೆ ದಖ್ಖನ್ನಿನ ಹುಲ್ಲುಗಾವಲು ಮನುಷ್ಯನ ಕೊಡಲಿಗಿಂತ ಎಷ್ಟೋ ಹಳೆಯದು. ಮಳೆ ಕಡಿಮೆ, ಅದೂ ಕೆಲವೇ ತಿಂಗಳು. ಉಳಿದ ದಿನ ಬಿಸಿಲು. ಎಷ್ಟೋ ಕಡೆ ಮಣ್ಣು ಗೇಣುದ್ದ, ಕೆಳಗೆ ಬರೀ ಕಲ್ಲು. ಜೊತೆಗೆ ಮೇಯುವ ಪ್ರಾಣಿ, ಆಗಾಗ ಬೀಳುವ ಬೆಂಕಿ. ಇಂಥಲ್ಲಿ ಗೆಲ್ಲೋದು ಹುಲ್ಲು, ಮಧ್ಯೆ ಅಲ್ಲೊಂದು ಇಲ್ಲೊಂದು ಜಾಲಿ, ಬಾರೆ, ಕಮರ. ಸಾಕ್ಷಿ ಬೇಕಿದ್ದರೆ ಕೃಷ್ಣಮೃಗವನ್ನೇ ನೋಡಿ. ಭಾರತ ಉಪಖಂಡ ಬಿಟ್ಟರೆ ಅದಕ್ಕೆ ಬೇರೆ ತವರಿಲ್ಲ. ಗಂಟೆಗೆ 80 ಕಿಲೋಮೀಟರ್ ವೇಗದಲ್ಲಿ ಓಡಬಲ್ಲದು. ಕಾಡಿನ ಪ್ರಾಣಿಗೆ ಅಷ್ಟು ಓಟ ಯಾಕೆ ಬೇಕು ಹೇಳಿ? ಅದರ ಬೆನ್ನು ಹತ್ತುತ್ತಿದ್ದದ್ದು ಚೀತಾ. ಚೀತಾ ನಮ್ಮ ದೇಶದಿಂದ ಹೋಯಿತು ಅಂತ 1952ರಲ್ಲಿ ಸರ್ಕಾರವೇ ಹೇಳಿತು. ಅದರಿಂದ ತಪ್ಪಿಸಿಕೊಳ್ಳಲು ಬೆಳೆದ ಆ ಓಟ ಮಾತ್ರ ಕೃಷ್ಣಮೃಗದ ಕಾಲಲ್ಲಿ ಇನ್ನೂ ಇದೆ. ಇಂಥ ಒಂದು ಓಟ ಹುಟ್ಟಿ ಬೆಳೆಯಬೇಕಾದರೆ ಲಕ್ಷಾಂತರ ವರ್ಷ ತೆರೆದ ಬಯಲು ಇದ್ದಿರಲೇಬೇಕು.

ಹುಲ್ಲನ್ನೂ ಸ್ವಲ್ಪ ಹತ್ತಿರದಿಂದ ನೋಡಬೇಕು. ಮಳೆ ಮುಗಿದ ಮೇಲೆ ಗುಡ್ಡದ ಮೇಲೆ ನಡೆದು ಬಂದರೆ ಪ್ಯಾಂಟಿಗೆ, ಪಂಚೆಗೆ ಚುಚ್ಚಿಕೊಳ್ಳುವ ಒಂದು ಬೀಜ ಇದೆಯಲ್ಲ, ಒಂದು ತುದಿ ಮುಳ್ಳಿನಂತೆ ಚೂಪು, ಇನ್ನೊಂದು ತುದಿಗೆ ಉದ್ದನೆಯ ಕಪ್ಪು ಬಾಲ. ಆ ಬಾಲವನ್ನು ಕಿತ್ತು ಬಿಸಾಡುವ ಮುಂಚೆ ಅಂಗೈಲಿಟ್ಟು ಒಂದು ಹನಿ ನೀರು ಬಿಟ್ಟು ನೋಡಿ. ನಿಧಾನಕ್ಕೆ ತಿರುಗಲು ಶುರುಮಾಡುತ್ತದೆ. ಒಣಗಿದರೆ ಸುರುಳಿ ಸುತ್ತುತ್ತದೆ, ಒದ್ದೆಯಾದರೆ ಬಿಚ್ಚಿಕೊಳ್ಳುತ್ತದೆ. ರಾತ್ರಿಯ ಇಬ್ಬನಿ, ಹಗಲಿನ ಬಿಸಿಲು, ಮತ್ತೆ ಇಬ್ಬನಿ. ಹೀಗೆ ತಿರುಗಿ ತಿರುಗಿ ಬೀಜ ತನ್ನನ್ನು ತಾನೇ ಮಣ್ಣೊಳಗೆ ಕೊರೆದುಕೊಳ್ಳುತ್ತದೆ. ಯಾರೂ ಬಿತ್ತಬೇಕಿಲ್ಲ. ಬಿಸಿಲಿಗೆ, ಬರಕ್ಕೆ, ಬೆಂಕಿಗೆ ಇಷ್ಟು ತಯಾರಾಗಿರುವ ಹುಲ್ಲು ನಿನ್ನೆ ಮೊನ್ನೆ ಬಂದದ್ದಲ್ಲ. ಇನ್ನೊಂದು ವಿಷಯ, ಹುಲ್ಲಿನ ಬಹುಪಾಲು ಇರೋದು ಮಣ್ಣಿನ ಕೆಳಗೆ. ಬೇಸಿಗೆಯಲ್ಲಿ ಮೇಲೆ ಒಣಗಿ, ಸುಟ್ಟು, ಏನೂ ಇಲ್ಲ ಅನ್ನಿಸುವಾಗಲೂ ಬೇರು ಜೀವಂತ ಇರುತ್ತದೆ. ಅದು ಗಾಳಿಯಿಂದ ಹೀರಿದ ಇಂಗಾಲ ಹೆಚ್ಚಾಗಿ ನೆಲದೊಳಗೇ ಕೂತಿರುತ್ತದೆ, ಬೆಂಕಿ ಬಿದ್ದರೂ ಹೊಗೆಯಾಗಿ ಹೋಗುವುದಿಲ್ಲ. ಮರ ನೆಟ್ಟರೆ ಮಾತ್ರ ಹವಾಮಾನಕ್ಕೆ ಒಳ್ಳೇದು ಅನ್ನುವವರು ಈ ಲೆಕ್ಕವನ್ನು ಮರೆಯುತ್ತಾರೆ.

ಈಗ ಇಂಥ ಜಾಗದಲ್ಲಿ ಮರ ನೆಟ್ಟರೆ ಏನಾಗುತ್ತದೆ ನೋಡೋಣ. ಮೊದಲ ಪೆಟ್ಟು ಸಸಿಯಿಂದಲ್ಲ, ಜೆಸಿಬಿಯಿಂದ. ಇಳಿಜಾರಿಗೆ ಅಡ್ಡಡ್ಡ ಟ್ರೆಂಚ್ ಹೊಡೆಯುತ್ತಾರೆ, ನೂರಾರು ವರ್ಷ ಹೆಣೆದುಕೊಂಡಿದ್ದ ಬೇರಿನ ಹೆಪ್ಪು ಒಂದೇ ದಿನದಲ್ಲಿ ಕಿತ್ತು ಬರುತ್ತದೆ. ಹಾಗೆ ಕಿತ್ತ ಕಡೆ ಹಳೆಯ ಹುಲ್ಲು ಬೇಗ ವಾಪಸ್ ಬರುವುದಿಲ್ಲ, ಕಳೆ ಬರುತ್ತದೆ. ಆಮೇಲೆ ನೆರಳು. ಬಯಲಿನ ಹುಲ್ಲಿಗೆ ಪೂರ್ತಿ ಬಿಸಿಲು ಬೇಕು. ನೀಲಗಿರಿಯೋ ಅಕೇಶಿಯವೋ ಒತ್ತಾಗಿ ಬೆಳೆದರೆ ಕೆಳಗೆ ಒಣ ಎಲೆ ಬಿಟ್ಟು ಬೇರೇನೂ ಇರುವುದಿಲ್ಲ, ನೀವೇ ಯಾವುದಾದರೂ ನೆಡುತೋಪಿನೊಳಗೆ ಹೋಗಿ ನೋಡಬಹುದು. ಮೂರನೆಯದು ಕಣ್ಣಿಗೆ ಬೀಳದ ಸಂಗತಿ. ಬಯಲಿನ ಪ್ರಾಣಿಗಳು ನಂಬಿಕೊಂಡಿರುವುದು ದೂರದ ನೋಟವನ್ನು. ಕೃಷ್ಣಮೃಗ ತಲೆ ಎತ್ತಿದರೆ ಅರ್ಧ ಕಿಲೋಮೀಟರ್ ಆಚೆಯ ನಾಯಿ ಕಾಣಬೇಕು. ಮರ, ಪೊದೆ ಅಡ್ಡ ಬಂದರೆ ಅದಕ್ಕೆ ಧೈರ್ಯವಿಲ್ಲ, ಆ ಕಡೆ ಸುಳಿಯುವುದು ಕಡಿಮೆ ಮಾಡುತ್ತದೆ. ನೆಲದಲ್ಲಿ ಮೊಟ್ಟೆಯಿಡುವ ಹಕ್ಕಿಗೆ ಇನ್ನೂ ಕಷ್ಟ. ಹೊಸ ಮರ ಅಂದರೆ ಕಾಗೆಗೆ, ಗಿಡುಗಕ್ಕೆ ಕೂತು ನೋಡಲು ಒಂದು ಅಟ್ಟಣೆ. ಮೇಲಿಂದ ಗೂಡು ಕಾಣುತ್ತದೆ, ಮೊಟ್ಟೆ ಉಳಿಯುವುದಿಲ್ಲ.

ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ ಇದಕ್ಕೆ ನಮ್ಮದೇ ಉದಾಹರಣೆ. 119 ಚದರ ಕಿಲೋಮೀಟರ್, 1974ರಲ್ಲಿ ಘೋಷಣೆಯಾದದ್ದು. ಆದರೆ ಅಲ್ಲಿನ ಬಯಲಿನ ದೊಡ್ಡ ಭಾಗವನ್ನು ನೀಲಗಿರಿ ತೋಪು ತುಂಬಿಕೊಂಡಿತು. ಕೃಷ್ಣಮೃಗ ಹೇಗೋ ಹೊಂದಿಕೊಂಡಿತು. ತೋಪಿನ ಮಧ್ಯದ ತೆರವುಗಳಲ್ಲಿ, ಸುತ್ತಲಿನ ಹೊಲಗಳಲ್ಲಿ ಮೇಯ್ದು ಸಂಖ್ಯೆ ಹೆಚ್ಚಿಸಿಕೊಂಡಿತು, ಆ ಹೊರೆ ರೈತರ ಮೇಲೆ ಬಿತ್ತು. ಹಿಂದೆ ಅಲ್ಲಿ ಕಾಣುತ್ತಿದ್ದ ಎರೆಭೂತ ಅನ್ನುವ ಹಕ್ಕಿ ಹೊಂದಿಕೊಳ್ಳಲಿಲ್ಲ. ಈಗ ಅಲ್ಲಿಲ್ಲ.

ಎರೆಭೂತ ಅಂದರೆ ಗ್ರೇಟ್ ಇಂಡಿಯನ್ ಬಸ್ಟರ್ಡ್. ನಮ್ಮಲ್ಲಿ ಎರ್ಲಡ್ಡು ಅಂತಲೂ ಕರೆಯುತ್ತಾರೆ. ಒಂದು ಮೀಟರ್ ಎತ್ತರ, ಗಂಡು 15 ಕಿಲೋವರೆಗೂ ತೂಗುತ್ತದೆ, ಹಾರುವ ಹಕ್ಕಿಗಳಲ್ಲಿ ಇಷ್ಟು ಭಾರದವು ಜಗತ್ತಿನಲ್ಲೇ ಕೆಲವು ಮಾತ್ರ. ಪಕ್ಷಿತಜ್ಞ ಸಲೀಂ ಅಲಿ ಇದನ್ನೇ ರಾಷ್ಟ್ರೀಯ ಪಕ್ಷಿ ಮಾಡಿ ಅಂದಿದ್ದರು, 1963ರಲ್ಲಿ ಆ ಗೌರವ ನವಿಲಿಗೆ ಹೋಯಿತು. ಈಗ ದೇಶದ ಬಯಲುಗಳಲ್ಲಿ ಸ್ವತಂತ್ರವಾಗಿ ಉಳಿದಿರೋದು 150ಕ್ಕಿಂತ ಕಡಿಮೆ, ಬಹುತೇಕ ಎಲ್ಲವೂ ರಾಜಸ್ಥಾನದ ಜೈಸಲ್ಮೇರ್ ಭಾಗದಲ್ಲಿ. ಕರ್ನಾಟಕದ ಕೊನೆಯ ಕೆಲವು ಹಕ್ಕಿಗಳು ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳ ಕಡೆ ಕಂಡಿವೆ, ಕೈಬೆರಳಲ್ಲಿ ಎಣಿಸುವಷ್ಟು.

ಯಾಕೆ ಇಷ್ಟು ಕಡಿಮೆ? ಬೇಟೆ ಒಂದು ಕಾರಣ, ಅದು ಹಳೆಯದು. ಈಗಿನ ಕಾರಣಗಳು ಬೇರೆ. ಹೆಣ್ಣು ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ ಇಡುತ್ತದೆ, ಅದೂ ಬರಿ ನೆಲದ ಮೇಲೆ. ಊರ ನಾಯಿ ತಿಂದಿತೋ, ದನ ತುಳಿಯಿತೋ, ಆ ವರ್ಷದ ಕಥೆ ಮುಗಿಯಿತು. ಜೋಳ, ಕಡಲೆ, ಸಜ್ಜೆ ಬೆಳೆಯುತ್ತಿದ್ದ ಮಳೆಯಾಶ್ರಿತ ಹೊಲಗಳಲ್ಲಿ ಈ ಹಕ್ಕಿ ಮಿಡತೆ ಹಿಡಿದುಕೊಂಡು ಆರಾಮಾಗಿತ್ತು. ತುಂಗಭದ್ರಾ ಕಾಲುವೆ ಬಂದ ಮೇಲೆ ಸಿರುಗುಪ್ಪ ಭತ್ತದ ನಾಡಾಯಿತು. ರೈತರಿಗೆ ಅದು ಬದುಕು ಕೊಟ್ಟಿತು, ಅದನ್ನು ತಪ್ಪು ಅನ್ನುವ ಹಕ್ಕು ಯಾರಿಗೂ ಇಲ್ಲ. ಆದರೆ ನೀರು ನಿಂತ ಗದ್ದೆಯಲ್ಲಿ ಎರೆಭೂತಕ್ಕೆ ಜಾಗವಿಲ್ಲ, ಇದೂ ಅಷ್ಟೇ ನಿಜ. ಇನ್ನು ಕರೆಂಟ್ ತಂತಿ. ಈ ಹಕ್ಕಿಯ ಕಣ್ಣು ತಲೆಯ ಎರಡು ಬದಿಗೆ ಇವೆ, ನೇರ ಮುಂದಿನದು ಚೆನ್ನಾಗಿ ಕಾಣದು. ಹಾರುವಾಗ ಕೆಳಗೆ ನೋಡುತ್ತಾ ಬರುತ್ತದೆ, ತಂತಿ ಕಾಣುವ ಹೊತ್ತಿಗೆ ಅಷ್ಟು ಭಾರದ ಮೈ ಹೊರಳಿಸಲು ಆಗುವುದಿಲ್ಲ. ರಾಜಸ್ಥಾನದಲ್ಲಿ ಸೋಲಾರ್, ಗಾಳಿ ವಿದ್ಯುತ್ತಿಗಾಗಿ ಎಳೆದ ತಂತಿಗಳಿಗೆ ಬಡಿದು ಹಕ್ಕಿಗಳು ಸಾಯುತ್ತಿವೆ ಅಂತ ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. 2021ರಲ್ಲಿ ತಂತಿಗಳನ್ನು ನೆಲದೊಳಗೆ ಹಾಕಿ ಎಂದ ಕೋರ್ಟು, ಅಷ್ಟು ದೊಡ್ಡ ಪ್ರದೇಶದಲ್ಲಿ ಅದು ಕಷ್ಟ ಅನ್ನುವ ವಾದ ಬಂದ ಮೇಲೆ 2024ರಲ್ಲಿ ಆದೇಶ ಬದಲಿಸಿ ತಜ್ಞರ ಸಮಿತಿ ಮಾಡಿತು. ಜೈಸಲ್ಮೇರ್ ಜಿಲ್ಲೆಯಲ್ಲಿ ಮೊಟ್ಟೆ ತಂದು ಮರಿ ಮಾಡಿಸಿ ಸಾಕುವ ಕೆಲಸ 2019ರಿಂದ ನಡೆಯುತ್ತಿದೆ, ಮರಿಗಳೂ ಆಗುತ್ತಿವೆ. ಖುಷಿಯ ವಿಷಯವೇ. ಆದರೆ ಆ ಮರಿಗಳನ್ನು ನಾಳೆ ಬಿಡೋದಕ್ಕೆ ತೆರೆದ ಬಯಲು ಉಳಿದಿರಬೇಕಲ್ವಾ?

ಹಾಗಾದರೆ ಬಯಲು ಯಾಕೆ ಇಷ್ಟು ಸುಲಭವಾಗಿ ಕೈಬಿಟ್ಟು ಹೋಗುತ್ತದೆ? ಉತ್ತರ ಇರೋದು ಕಂದಾಯದ ಕಡತದಲ್ಲಿ. ಬ್ರಿಟಿಷರ ಕಾಲದಲ್ಲಿ ತೆರಿಗೆ ಬರದ ಭೂಮಿಯನ್ನೆಲ್ಲ ಬಂಜರು, ಪಾಳು ಅಂತ ಬರೆದುಕೊಂಡರು. ಕುರಿ ಮೇಯುತ್ತಿತ್ತು, ತೋಳ ಓಡಾಡುತ್ತಿತ್ತು, ಆದರೆ ಖಜಾನೆಗೆ ದುಡ್ಡು ಬರುತ್ತಿರಲಿಲ್ಲ, ಹಾಗಾಗಿ ಬಂಜರು. ಸ್ವಾತಂತ್ರ್ಯ ಬಂದ ಮೇಲೂ ಆ ಲೆಕ್ಕ ಹಾಗೇ ಮುಂದುವರಿಯಿತು. ಕೇಂದ್ರ ಸರ್ಕಾರ ತರುವ ಪಾಳುಭೂಮಿ ನಕಾಶೆಯಲ್ಲಿ ಕುರುಚಲು, ಹುಲ್ಲಿರುವ ಎಷ್ಟೋ ನೆಲ ಪಾಳು ಅಂತಲೇ ಇದೆ. ಹೀಗೆ ಬರೆದಿಟ್ಟ ಜಾಗವನ್ನು ಯಾರು ಬೇಕಾದರೂ ಕೇಳಬಹುದು. ಕಾರ್ಖಾನೆಗೆ, ಲೇಔಟಿಗೆ, ಸೋಲಾರಿಗೆ, ಕಡೆಗೆ ಅರಣ್ಯೀಕರಣಕ್ಕೂ.

ಇದರಲ್ಲಿ ನನಗೆ ತುಂಬಾ ನೋವು ಕೊಡುವುದು ಬದಲಿ ಅರಣ್ಯದ ಕಥೆ. ಮಲೆನಾಡಿನಲ್ಲಿ ಯಾವುದೋ ಯೋಜನೆಗೆ ಕಾಡು ಕಡಿದರೆ ಅದಕ್ಕೆ ಬದಲಾಗಿ ಬೇರೆಲ್ಲೋ ಕಾಡು ಬೆಳೆಸಬೇಕು ಅನ್ನೋದು ನಿಯಮ. ಅದಕ್ಕೆ ದುಡ್ಡು ಇಡಲು 2016ರಲ್ಲಿ ಕಾಯ್ದೆಯೂ ಆಯಿತು. ಬೆಳೆಸೋಕೆ ಜಾಗ ಎಲ್ಲಿ? ಕಡತದಲ್ಲಿ ಬಂಜರು ಅಂತಿರುವ ಬಯಲು ಕಣ್ಣಿಗೆ ಬೀಳುತ್ತದೆ. ಅಲ್ಲಿಗೆ ಎರಡು ನಷ್ಟ. ಮಲೆನಾಡಿನ ಕಾಡೂ ಹೋಯಿತು, ಬಯಲುಸೀಮೆಯ ಹುಲ್ಲೂ ಹೋಯಿತು. ಕಾಗದದ ಮೇಲೆ ಮಾತ್ರ ಲೆಕ್ಕ ಸರಿಯಾಗಿದೆ.

ನಮ್ಮ ನಾಡಿನಲ್ಲಿ ಹುಲ್ಲುಗಾವಲಿಗೆ ಬೆಲೆ ಕೊಟ್ಟ ಕಾಲವೂ ಇತ್ತು. ಮೈಸೂರಿನ ಅರಸರು ಸೈನ್ಯದ ದನಗಳಿಗಾಗಿ ಕಾವಲುಗಳನ್ನು, ಅಂದರೆ ಮೀಸಲು ಹುಲ್ಲುಗಾವಲುಗಳನ್ನು, ಕಾದಿಟ್ಟರು. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಅನ್ನುವ ದನಗಳ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಹೆಸರಿಟ್ಟು ಬೆಳೆಸಿದ. ಒಂದು ಕಾಲಕ್ಕೆ ಈ ಕಾವಲುಗಳು ನಾಲ್ಕು ಲಕ್ಷ ಎಕರೆಗೂ ಮೀರಿ ಇದ್ದವು, ಹಾಸನ, ಚಿಕ್ಕಮಗಳೂರು, ಚಿತ್ರದುರ್ಗ, ತುಮಕೂರು ಕಡೆಗೆಲ್ಲ ಹರಡಿದ್ದವು. ನನಗೆ ಬಹಳ ಇಷ್ಟವಾಗೋದು ಅವುಗಳನ್ನು ನಡೆಸುತ್ತಿದ್ದ ರೀತಿ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಅಂತ ಬೇರೆ ಬೇರೆ ಇದ್ದವು. ದನ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ಹೋಗುತ್ತಿದ್ದವು, ಅಷ್ಟರಲ್ಲಿ ಮೊದಲ ಕಾವಲಿನ ಹುಲ್ಲು ಬೀಜ ಕಟ್ಟಿ ಸುಧಾರಿಸಿಕೊಳ್ಳುತ್ತಿತ್ತು. ದನಕ್ಕೆ ಅಂತ ಇಟ್ಟ ಜಾಗದಲ್ಲಿ ಕೃಷ್ಣಮೃಗ, ತೋಳ, ಎರೆಭೂತಗಳೂ ಬದುಕಿಕೊಂಡವು. ಇವತ್ತು ಆ ನಾಲ್ಕು ಲಕ್ಷ ಎಕರೆಯಲ್ಲಿ ಸಣ್ಣ ಪಾಲು ಮಾತ್ರ ಉಳಿದಿದೆ. ಚಳ್ಳಕೆರೆ ಭಾಗದ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ರಕ್ಷಣೆ, ಬಾಹ್ಯಾಕಾಶ, ಅಣುಶಕ್ತಿ, ವಿಜ್ಞಾನ ಸಂಸ್ಥೆಗಳಿಗೆ ಕೊಟ್ಟರು, ಸುತ್ತಲ ಹಳ್ಳಿಯ ಕುರಿಗಾಹಿಗಳು ಮೇವು ಎಲ್ಲಿ ಅಂತ ಹೋರಾಡಿದರು, ವಿಷಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ಕುರಿಗಾಹಿಯೂ ಕಾಡುಪ್ರಾಣಿಯೂ ಅಲ್ಲಿ ಕಳೆದುಕೊಂಡಿದ್ದು ಒಂದೇ ನೆಲವನ್ನು.

ಮೇಯಿಸೋದನ್ನು ನಿಲ್ಲಿಸಿದರೆ ಹುಲ್ಲುಗಾವಲು ಉಳಿಯುತ್ತದೆ ಅಂತ ಕೆಲವರು ವಾದ ಮಾಡುತ್ತಾರೆ, ಅದನ್ನು ನಾನು ಒಪ್ಪುವುದಿಲ್ಲ. ವಿಪರೀತ ಮೇಯಿಸಿದರೆ ನೆಲ ಬೋಳಾಗುತ್ತದೆ, ಸರಿ. ಆದರೆ ಪೂರ್ತಿ ಬೇಲಿ ಹಾಕಿ ಬಿಟ್ಟರೆ ಹುಲ್ಲು ಬಲಿತು ಒಣಗಿ ಮುದ್ದೆಯಾಗುತ್ತದೆ, ನಿಧಾನಕ್ಕೆ ಪೊದೆ ಏರುತ್ತದೆ. ಅದರಲ್ಲೂ ಬಳ್ಳಾರಿ ಜಾಲಿ. ಹೆಸರಲ್ಲಿ ಬಳ್ಳಾರಿ ಇದ್ದರೂ ಅದರ ತವರು ಅಮೆರಿಕ ಖಂಡ. ಸೌದೆಗೆ, ಮಣ್ಣು ಹಿಡಿಯಲಿಕ್ಕೆ ಅಂತ 1870ರ ದಶಕದಲ್ಲಿ ದೇಶಕ್ಕೆ ತಂದರು. ಕಾಯಿ ಸಿಹಿ, ಆಡು ದನ ತಿಂದು ಹೋದಲ್ಲೆಲ್ಲ ಸಗಣಿಯಲ್ಲಿ ಬೀಜ ಹಾಕುತ್ತವೆ. ಒಮ್ಮೆ ಹತ್ತಿಕೊಂಡರೆ ನಡೆಯಲೂ ಜಾಗ ಬಿಡುವುದಿಲ್ಲ. ಕಡಿದರೆ ಬುಡದಿಂದ ನಾಲ್ಕು ಚಿಗುರು. ಬೇರುಸಮೇತ ತೆಗೆದು, ಊರಿನ ಹುಲ್ಲಿನ ಬೀಜ ಚೆಲ್ಲಿ, ಒಂದೆರಡು ಮಳೆಗಾಲ ಮೇಯಲು ಬಿಡದೆ ಕಾದರೆ ಬಯಲು ವಾಪಸ್ ಬರುತ್ತದೆ, ಗುಜರಾತಿನ ಬನ್ನಿ ಹುಲ್ಲುಗಾವಲಿನಲ್ಲಿ ಈ ಕೆಲಸ ಮಾಡುತ್ತಿದ್ದಾರೆ. ಒಂದು ದಿನದ ಕಾರ್ಯಕ್ರಮದಲ್ಲಿ ಮುಗಿಯುವ ಕೆಲಸ ಇದಲ್ಲ.

ತೋಳದ ವಿಷಯಕ್ಕೆ ಬಂದರೆ ಜನರ ಜೊತೆಗಿನ ಸಂಬಂಧವೇ ಎಲ್ಲ. ಭಾರತದಲ್ಲಿ ಇರುವ ತೋಳ ಸುಮಾರು ಮೂರು ಸಾವಿರ, ಅಂದರೆ ಹುಲಿಗಿಂತ ಹೆಚ್ಚೇನಿಲ್ಲ, ಆದರೆ ಹುಲಿಗೆ ಸಿಕ್ಕ ಗಮನದ ಕಾಲುಭಾಗವೂ ಇದಕ್ಕೆ ಸಿಕ್ಕಿಲ್ಲ. ಅವು ಬಹುಪಾಲು ಇರೋದು ಅಭಯಾರಣ್ಯದ ಹೊರಗೆ, ಹೊಲಗಳ ನಡುವೆ, ಕುರಿ ಹಟ್ಟಿಯ ಸುತ್ತ. ಕುರಿ ಹಿಡಿಯುತ್ತವೆ, ಸುಳ್ಳಲ್ಲ. ಬ್ರಿಟಿಷ್ ಸರ್ಕಾರ ಬಹುಮಾನ ಕೊಟ್ಟು ತೋಳಗಳನ್ನು ಕೊಲ್ಲಿಸುತ್ತಿತ್ತು, ಆಮೇಲೂ ಗವಿಗೆ ಹೊಗೆ ಹಾಕಿ ಮರಿ ಕೊಲ್ಲೋದು ನಡೆದೇ ಇತ್ತು. ಈಗಿನ ಹೊಸ ಅಪಾಯ ಬೀದಿ ನಾಯಿ. ನಾಯಿಯಿಂದ ರೋಗ ದಾಟುತ್ತದೆ, ನಾಯಿ ಜೊತೆ ಕೂಡಿ ಬೆರಕೆ ಮರಿ ಹುಟ್ಟುತ್ತವೆ. ಗಂಗಾವತಿ ತಾಲೂಕಿನ ಬಂಕಾಪುರದಲ್ಲಿ 332 ಹೆಕ್ಟೇರ್ ಜಾಗವನ್ನು ಈಚೆಗೆ ತೋಳಧಾಮ ಮಾಡಿದ್ದಾರೆ, ರಾಜ್ಯದಲ್ಲಿ ಇದೇ ಮೊದಲು. ಒಳ್ಳೆ ಹೆಜ್ಜೆ. ಆದರೆ ತೋಳ ರಾತ್ರಿಗೆ ಹತ್ತಾರು ಕಿಲೋಮೀಟರ್ ಓಡಾಡುವ ಪ್ರಾಣಿ, 332 ಹೆಕ್ಟೇರ್ ಅದಕ್ಕೆ ಮರಿ ಹಾಕುವ ಮನೆ ಆಗಬಹುದು, ಹೊಟ್ಟೆ ತುಂಬುವ ಜಾಗ ಅದರಾಚೆಯೇ. ಹಾಗಾಗಿ ಕುರಿ ಸತ್ತ ಕುರಿಗಾಹಿಗೆ ಪರಿಹಾರ ಬೇಗ, ಓಡಾಡಿಸದೆ ಸಿಗಬೇಕು. ಸುತ್ತಲ ಊರುಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕಿಸಬೇಕು. ತೋಳದ ಸಂರಕ್ಷಣೆ ಅಂದರೆ ಅರ್ಧ ಪಾಲು ಇಂಥ ಕೆಲಸವೇ.

ಕಾನೂನಿನ ಬಗ್ಗೆ ಒಂದು ಮಾತು, ಯಾಕೆಂದರೆ ಇಲ್ಲಿ ಬಹಳ ಗೊಂದಲ ಇದೆ. ಅಭಯಾರಣ್ಯ ಅಂದ ಕೂಡಲೇ ಹಳ್ಳಿಯವರಿಗೆ ಭಯ, ಮೇಯಿಸೋಕೆ ಬಿಡೋದಿಲ್ಲ, ಒಕ್ಕಲೆಬ್ಬಿಸುತ್ತಾರೆ ಅಂತ. 1972ರ ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ತಂದು ಸಂರಕ್ಷಣಾ ಮೀಸಲು ಅನ್ನುವ ಇನ್ನೊಂದು ದಾರಿ ಸೇರಿಸಿದರು. ಸರ್ಕಾರದ ಜಾಗವನ್ನು ಸುತ್ತಲಿನ ಜನರ ಜೊತೆ ಮಾತಾಡಿ ಘೋಷಿಸುವುದು, ಜನರ ಹಕ್ಕುಗಳನ್ನು ಕಿತ್ತುಕೊಳ್ಳದೆ, ಊರಿನ ಪ್ರತಿನಿಧಿಗಳೂ ಇರುವ ಸಮಿತಿಯ ಸಲಹೆಯಿಂದ ನೋಡಿಕೊಳ್ಳುವುದು. ನನ್ನ ಅಭಿಪ್ರಾಯದಲ್ಲಿ ಬಯಲಿಗೆ ಇದೇ ಸರಿಹೊಂದುವ ದಾರಿ. ಮಧುಗಿರಿ ತಾಲೂಕಿನ ಮೈದನಹಳ್ಳಿಯ ಜಯಮಂಗಲಿ ಕೃಷ್ಣಮೃಗ ಮೀಸಲು 798 ಎಕರೆಯ ಪುಟ್ಟ ಜಾಗ, 2007ರಿಂದ ಹೀಗೇ ಇದೆ. ಬೆಂಗಳೂರಿನ ಮಗ್ಗುಲಲ್ಲೇ ಇರುವ ಹೆಸರಘಟ್ಟದ ಹುಲ್ಲುಗಾವಲಿನಲ್ಲಿ ಫಿಲ್ಮ್ ಸಿಟಿ ಕಟ್ಟುವ ಮಾತೂ ಬಂದಿತ್ತು. ವರ್ಷಗಟ್ಟಲೆ ಹಕ್ಕಿ ನೋಡುವವರು, ಸ್ಥಳೀಯರು, ವಿಜ್ಞಾನಿಗಳು ಹಿಂದೆ ಬಿದ್ದ ಮೇಲೆ 2024ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ 5,600 ಎಕರೆಗೂ ಹೆಚ್ಚು ಜಾಗವನ್ನು ಸಂರಕ್ಷಣಾ ಮೀಸಲು ಮಾಡಲು ಒಪ್ಪಿತು. ಚಿಂಕಾರಕ್ಕಾಗಿ ಬಾಗಲಕೋಟೆಯ ಯಡಹಳ್ಳಿ 2016ರಲ್ಲಿ, ತುಮಕೂರಿನ ಬುಕ್ಕಾಪಟ್ಟಣ 2019ರಲ್ಲಿ ವನ್ಯಜೀವಿಧಾಮ ಆದವು. ಗದಗಿನ ಕಪ್ಪತಗುಡ್ಡಕ್ಕೂ 2019ರಲ್ಲೇ ಆ ರಕ್ಷಣೆ ಸಿಕ್ಕಿತು, ಗಣಿಗಾರಿಕೆ ವಿರುದ್ಧ ಊರಿಗೆ ಊರೇ ನಿಂತಿದ್ದರಿಂದ. ಹೊಸದಾಗಿ ನೀಲಗಿರಿ ನೆಡುವುದನ್ನೂ ಸರ್ಕಾರ 2017ರಲ್ಲಿ ನಿಲ್ಲಿಸಿತು. ಆದರೆ ನೀಲಗಿರಿ ಬದಲು ಹೊಂಗೆ, ಬೇವು ತಂದು ಹುಲ್ಲಿನ ಮೇಲೆ ಒತ್ತಾಗಿ ನೆಟ್ಟರೆ ನೆಲಗುಬ್ಬಿಗೆ ವ್ಯತ್ಯಾಸ ಏನೂ ಇಲ್ಲ. ನಮ್ಮ ದೇಶದ್ದೇ ಮರವಾದರೂ ಆ ಜಾಗದ ಮರ ಅಲ್ಲ.

ಮರ ನೆಡಲೇಬೇಡಿ ಅಂತ ಯಾರೂ ತಿಳಿದುಕೊಳ್ಳಬಾರದು. ರಸ್ತೆ ಬದಿ, ಶಾಲೆ ಅಂಗಳ, ಹೊಲದ ಬದು, ನಿಜಕ್ಕೂ ಕಾಡು ಕಡಿದುಹೋದ ಗುಡ್ಡ, ಪೇಟೆ ಬೀದಿ, ಜಾಗ ಬೇಕಾದಷ್ಟಿದೆ. ಗೋಮಾಳಕ್ಕೆ ಸಸಿ ಬರುವ ಮುಂಚೆ ಮಾತ್ರ ಒಮ್ಮೆ ವಿಚಾರಿಸಿ. ಮಳೆಗಾಲದಲ್ಲಿ ಅಲ್ಲಿ ಯಾವ್ಯಾವ ಹುಲ್ಲು ಬರುತ್ತದೆ, ಯಾವ ಹಕ್ಕಿ ಮೊಟ್ಟೆಯಿಡುತ್ತದೆ, ತೋಳ ಎಲ್ಲಿ ಮರಿ ಹಾಕುತ್ತದೆ, ಇದೆಲ್ಲ ಕುರಿ ಕಾಯುವವರಿಗೆ ನಮಗಿಂತ ಚೆನ್ನಾಗಿ ಗೊತ್ತು, ಅವರನ್ನೇ ಕೇಳಿ. ಪ್ರತಿ ಗ್ರಾಮ ಪಂಚಾಯಿತಿಯಲ್ಲೂ 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಜನತಾ ಜೀವವೈವಿಧ್ಯ ದಾಖಲಾತಿ ಪುಸ್ತಕ ಬರೆಯಬೇಕು. ಬಹಳ ಕಡೆ ಆ ಪುಸ್ತಕ ಸುಮ್ನೆ ಬೀರುವಿನಲ್ಲಿ ಇರುತ್ತದೆ. ತೆಗೆಸಿ ನೋಡಿ. ನಿಮ್ಮೂರಿನ ಬಯಲಿನ ಹೆಸರು, ಅಲ್ಲಿನ ಹುಲ್ಲು, ಹಕ್ಕಿ, ಪ್ರಾಣಿ, ಯಾವ ತಿಂಗಳಲ್ಲಿ ಯಾರ ಕುರಿ ಎಲ್ಲಿ ಮೇಯುತ್ತದೆ ಅನ್ನೋದನ್ನು ಅದರಲ್ಲಿ ಬರೆಸಿ, ಗ್ರಾಮಸಭೆಯಲ್ಲಿ ಓದಿಸಿ. ನಾಳೆ ಯಾರಾದರೂ ಆ ಜಾಗ ಬಂಜರು ಅಂತ ಕಾಗದ ಹಿಡಿದು ಬಂದರೆ, ಅಲ್ಲಿ ಏನಿದೆ ಅಂತ ತೋರಿಸಲು ಊರಿನ ಕೈಲೂ ಒಂದು ಕಾಗದ ಇರುತ್ತದೆ.